ಸೂಜಿ ಬೇಡವೆಂಬ ಠರಾವು

೬ ಜನವರಿ ೨೦೦೮, ಭಾನುವಾರ

ಅಪ್ಪನ ಬಳಗ ಹಡಗು ಹತ್ತುವುದು ಖಾತ್ರಿಯಾಯಿತು. ಫೌಂಡ್ರಿಯಲ್ಲಿ ಒಂದೇ ಪಾಳಿಯಲ್ಲಿ ದುಡಿದು ನಿವೃತ್ತರಾದ ಹದಿನೇಳು ಜನ. ಫೆಬ್ರವರಿ ಹದಿನಾಲ್ಕಕ್ಕೆ ಕೊಚ್ಚಿಯಿಂದ ಹೊರಟು ಐದು ದಿನ ದ್ವೀಪಗಳನ್ನು ಸುತ್ತಿ ಬರುವ ವಿಹಾರ. ಹದಿನೆಂಟನೆಯವಳು ನಾನು. ಅವರಲ್ಲಿ ಯಾರಿಗೂ ಇಂಗ್ಲಿಷ್ ಬರುವುದಿಲ್ಲ, ಅದಕ್ಕೆ.

ದುಡಿಯುವ ವರ್ಗ ಮುದಿವಯಸ್ಸಿನಲ್ಲಿ ಶ್ರೀಮಂತರ ಚಟವನ್ನು ಅನುಕರಿಸುವುದು ಸರಿಯಲ್ಲವೆಂದು ಅಪ್ಪನಿಗೆ ಹೇಳಿದೆ. ಅಪ್ಪ ಚಪ್ಪಲಿಯ ಪಟ್ಟಿ ಹೊಲಿಯುತ್ತಿದ್ದರು. ತಲೆ ಎತ್ತದೆ, "ಸಮುದ್ರ ಶ್ರೀಮಂತರದ್ದಾ?" ಎಂದರು. ಉತ್ತರ ನಾಳೆ ಹೊಳೆಯುತ್ತದೆ.

ಇವತ್ತು ಭದ್ರಾವತಿಯ ಓಲ್ಡ್ ಟೌನಿನ ಗರಡಿಮನೆಯಲ್ಲಿ ಬಳಗದ ಸಭೆ. ಅಲ್ಲೇ ಹಿಂದಿನ ರಸ್ತೆಯಲ್ಲಿ ಕ್ಲಿನಿಕ್ ಇಟ್ಟಿರುವ ಡಾಕ್ಟರ್ ಮೀರಾ ಕರೆಯದೆ ಬಂದಿದ್ದರು. ಹಡಗಿನಲ್ಲಿ ಮುಚ್ಚಿದ ಕೋಣೆಗಳು, ಒಟ್ಟಿಗೆ ಊಟ, ಒಬ್ಬರಿಗೆ ಫ್ಲೂ ಬಂದರೆ ಹತ್ತು ಜನಕ್ಕೆ ಹರಡುತ್ತದೆ, ಎಲ್ಲರೂ ವಯಸ್ಸಾದವರು, ಹೊರಡುವ ಮುಂಚೆ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಎಂದರು. ಲಸಿಕೆ ನಮ್ಮ ಕಡೆ ಸಿಗುವುದಿಲ್ಲವಂತೆ. ಬೆಂಗಳೂರಿನಿಂದ ಐಸ್ ಪೆಟ್ಟಿಗೆಯಲ್ಲಿ ಬರಬೇಕು, ಹತ್ತಕ್ಕಿಂತ ಕಡಿಮೆ ಆದರೆ ಕಳಿಸುವುದಿಲ್ಲ. ಹಾಕಿದ ಮೇಲೆ ಅದು ಕೆಲಸ ಮಾಡಲು ಎರಡು ವಾರ ಬೇಕು.

ಕಾರ್ಯದರ್ಶಿ ಕೊಟ್ರಬಸಪ್ಪನವರು ಮುಂದಿನ ಭಾನುವಾರ ಕೈ ಎತ್ತಿಸಿ ತೀರ್ಮಾನಿಸೋಣ ಎಂದರು. ಹಿಂದೊಮ್ಮೆ ನಲವತ್ತೊಂದು ದಿನದ ಮುಷ್ಕರದಲ್ಲಿ ಇವರು ಮಾಡಿಕೊಂಡ ಕಟ್ಟು ಇದು: ಕೈ ಎತ್ತಿ ಆದ ಠರಾವು ಎಲ್ಲರಿಗೂ ಒಂದೇ. ಮುರಿದವನ ಜೊತೆ ಯಾರೂ ಚಹಾ ಕುಡಿಯುವುದಿಲ್ಲ. ಈಗಲೂ ಯಾರದೋ ಮಗಳ ಮದುವೆಗೆ ಬಸ್ಸಿನಲ್ಲಿ ಹೋಗುವುದೋ ರೈಲಿನಲ್ಲೋ ಎಂಬುದನ್ನು ಕೂಡ ಹೀಗೇ ನಿರ್ಧರಿಸುತ್ತಾರೆ. ಈ ಒಂದು ವಿಷಯದಲ್ಲಿ ನನಗೆ ಇವರ ಮೇಲೆ ಗೌರವವಿದೆ.

೯ ಜನವರಿ

ಶಿವಮೊಗ್ಗದಲ್ಲಿ ಪ್ರೆಸ್ಸಿನ ಕೆಲಸ ಮುಗಿದ ಮೇಲೂ ಒಂದು ಗಂಟೆ ಉಳಿದೆ. ಮೂರು ವರ್ಷದಿಂದ ಇಲ್ಲಿ ಅಕ್ಷರ ಜೋಡಿಸುತ್ತಿದ್ದೇನೆ. ಬೀಜ, ಅಣೆಕಟ್ಟು, ಔಷಧ ಕಂಪನಿ, ಪ್ರಕೃತಿ ಚಿಕಿತ್ಸೆ, ಯಾವ ಕರಪತ್ರ ಬಂದರೂ ಒಂದು ಪ್ರತಿ ನನ್ನ ಫೈಲಿಗೆ ಹೋಗುತ್ತದೆ. ಕಾಲೇಜಿಗೆ ಹೋಗಿ ಪದವಿ ತಂದವರಿಗಿಂತ ನನಗೆ ಹೆಚ್ಚು ಗೊತ್ತು ಎಂದು ಹೇಳಲು ಹಿಂಜರಿಯುವುದಿಲ್ಲ. ಲಸಿಕೆಯ ಬಗ್ಗೆ ಮೂರು ಕರಪತ್ರ ಸಿಕ್ಕವು. ಅವುಗಳಿಂದ ನನ್ನದೇ ಒಂದು ಬರೆದೆ: "ಸೂಜಿಯ ಹಿಂದೆ ಯಾರಿದ್ದಾರೆ?" ಎರಡು ಪುಟ, ಐದು ಅಂಶ.

ಐದನೆಯದು: ಫ್ಲೂ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ನಾನು ಮೊಟ್ಟೆ ತಿನ್ನುತ್ತೇನೆ. ಇದನ್ನು ಬರೆದು ಮುಗಿಸಿ ಬಸ್ ನಿಲ್ದಾಣದ ಹತ್ತಿರ ಬನ್ ಆಮ್ಲೆಟ್ ತಿಂದೇ ಭದ್ರಾವತಿಯ ಬಸ್ಸು ಹತ್ತಿದೆ. ಆದರೆ ಹದಿನೇಳು ಜನರಲ್ಲಿ ಎಂಟು ಜನ ಮುಟ್ಟುವುದಿಲ್ಲ. ಐದನೆಯ ಅಂಶ ನನ್ನ ನಂಬಿಕೆಯಲ್ಲ, ಅವರದು. ಜನರನ್ನು ಅವರು ನಿಂತ ನೆಲದಿಂದಲೇ ಎಬ್ಬಿಸಬೇಕೆಂದು ಒಂದು ಕರಪತ್ರದಲ್ಲಿದೆ.

೧೩ ಜನವರಿ, ಭಾನುವಾರ

ಗೆದ್ದೆವು. ಹನ್ನೊಂದು, ಆರು.

ಡಾಕ್ಟರ್ ಮೊದಲು ಮಾತಾಡಿದರು. ನಂತರ ನಾನು ಇಪ್ಪತ್ತು ನಿಮಿಷ. ಮೊದಲ ನಾಲ್ಕು ಅಂಶ ಹೇಳುವಾಗ ಕೆಲವರು ಬಾಗಿಲ ಕಡೆ ನೋಡುತ್ತಿದ್ದರು. ಐದನೆಯದಕ್ಕೆ ಕೊಟ್ರಬಸಪ್ಪನವರು ಕನ್ನಡಕ ತೆಗೆದರು.

"ಮೊಟ್ಟೆ ಅಂದ್ಯಾ?"

ಡಾಕ್ಟರನ್ನು ಕೇಳಿದರು. ಹೌದು, ಬೆಳೆಸುವುದು ಮೊಟ್ಟೆಯಲ್ಲೇ, ಆಮೇಲೆ ಶುದ್ಧ ಮಾಡುತ್ತಾರೆ ಎಂದು ಡಾಕ್ಟರ್ ಹೇಳಿದರು. ಹೌದು ಎಂಬುದರ ನಂತರ ಯಾರೂ ಕೇಳಿಸಿಕೊಳ್ಳಲಿಲ್ಲ. ಇಪ್ಪತ್ತೆಂಟು ವರ್ಷ ಕುಲುಮೆಯ ಬಾಯಲ್ಲಿ ನಿಂತ ಗೋವಿಂದಯ್ಯನವರು ಎದ್ದು, "ನಾನು ಮೊಟ್ಟೆ ಕೋಳಿ ಎಲ್ಲ ತಿಂತೀನಪ್ಪ. ಆದ್ರೆ ಸೂಜಿ ಕಂಡ್ರೆ ಕೈಕಾಲು ಬಿದ್ದೋಗುತ್ತೆ. ಹುಡುಗಿ ಹೇಳಿದ್ದೇ ಸರಿ" ಎಂದರು. ಎಲ್ಲರೂ ನಕ್ಕರು.

ಅಪ್ಪ ಕೊನೆಗೆ ಕೈ ಎತ್ತಿದರು. ನನ್ನ ಪರವಾಗಿ. ಕೊಟ್ರಬಸಪ್ಪನವರು ಪುಸ್ತಕದಲ್ಲಿ ಬರೆದರು: ಬಳಗದ ಯಾರೊಬ್ಬರೂ ಸದರಿ ಸೂಜಿಯನ್ನು ಚುಚ್ಚಿಸಿಕೊಳ್ಳತಕ್ಕದ್ದಲ್ಲ.

ಡಾಕ್ಟರ್ ಹೊರಡುವಾಗ ಸ್ಕೂಟರಿನ ಹತ್ತಿರ ನನ್ನನ್ನು ನಿಲ್ಲಿಸಿ, "ನಿಮ್ಮ ತಂದೆ ಮನೇಲಿ ಏನೂ ಹೇಳಿಲ್ವಾ?" ಎಂದು ಕೇಳಿದರು. ಸೋತವರು ವಿಷಯವನ್ನು ವೈಯಕ್ತಿಕ ಮಾಡುತ್ತಾರೆ. ನಾನು ಸೈಕಲ್ ಹತ್ತಿದೆ.

೧೫ ಜನವರಿ, ಸಂಕ್ರಾಂತಿ

ಕೊಟ್ರಬಸಪ್ಪನವರ ಮನೆಯಲ್ಲಿ ಎಳ್ಳುಬೆಲ್ಲ ಎರಡು ಹಿಡಿ ಕೊಟ್ಟರು. ಲೀಡರ್ ಎಂದು ಕರೆದರು. ಅಪ್ಪ ತುಂಬ ಹೊತ್ತು ಕೆಮ್ಮಿದರು. ಎಳ್ಳು ಸಿಕ್ಕಿಕೊಂಡಿತು ಎಂದರು.

೧೮ ಜನವರಿ

ಅಮ್ಮ ಟ್ರಂಕಿನಲ್ಲಿ ಶಾಲು ಹುಡುಕುವಾಗ ಒಂದು ದೊಡ್ಡ ಕಂದು ಲಕೋಟೆ ಸಿಕ್ಕಿತು. ಓದಲು ಬರದ ಅಮ್ಮ ಅದನ್ನು ನನ್ನ ಕೈಗೆ ಕೊಟ್ಟಳು. ಅಪ್ಪನ ಎದೆಯ ಎಕ್ಸ್‌ರೇ. ಜೊತೆಗೆ ಡಾಕ್ಟರ್ ಮೀರಾ ಬರೆದ ಚೀಟಿ, ಡಿಸೆಂಬರ್ ಇಪ್ಪತ್ತರದು. ಎರಡೂ ಶ್ವಾಸಕೋಶಕ್ಕೆ ಫೌಂಡ್ರಿಯ ಮರಳ ಧೂಳಿನಿಂದ ಹಾನಿ. ಎದೆಯ ಸೋಂಕು ತಗುಲದಂತೆ ಎಚ್ಚರ. ಪ್ರಯಾಣಕ್ಕೆ ಮುಂಚೆ ಫ್ಲೂ ಲಸಿಕೆ ಅಗತ್ಯ. ಅಗತ್ಯ ಎಂಬುದರ ಕೆಳಗೆ ಎರಡು ಗೆರೆ.

ಅವರು ಸಭೆಗೆ ಕರೆಯದೆ ಬಂದದ್ದು ಇದಕ್ಕೆ. ಹತ್ತು ಜನ ಸೇರಿದರೆ ತಾನೇ ಅಪ್ಪನಿಗೂ ಒಂದು ಸೂಜಿ ಬರುವುದು.

ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದೆ. ಜರಡಿ ಹಿಡಿದ ಮೇಲೆ ಉಳಿದ ಮರಳಿನಂತೆ ಚುಕ್ಕೆಗಳು. ಅಮ್ಮ ಏನು ಬರೆದಿದೆ ಎಂದಳು. ಕೆಮ್ಮಿಗೆ ಔಷಧ ಎಂದೆ.

೧೯ ಜನವರಿ

ಅಪ್ಪನನ್ನು ಹಿತ್ತಲಿನಲ್ಲಿ ಕೇಳಿದೆ. ನೀರು ಕಾಯಿಸಲು ತೆಂಗಿನ ಗರಿ ಕಡಿಯುತ್ತಿದ್ದರು. ನಾಲ್ಕು ಏಟಿಗೊಮ್ಮೆ ನಿಲ್ಲುತ್ತಾರೆ. ಮೊದಲೂ ನಿಲ್ಲುತ್ತಿದ್ದರೋ ಏನೋ, ನಾನು ನೋಡಿರಲಿಲ್ಲ.

"ಗೊತ್ತಿದ್ದೂ ಯಾಕೆ ಕೈ ಎತ್ತಿದ್ರಿ?"

"ನೀನು ಅಷ್ಟು ಜನರ ಮುಂದೆ ನಿಂತು ಮಾತಾಡ್ತಿದ್ದೆ. ಮಗಳ ಮಾತಿಗೆ ಅಪ್ಪನೇ ಕೈ ಎತ್ತದೆ ಹೆಂಗಿರ್ತಾನೆ?"

ಮುಂದೆ ಕೇಳಲು ಪಟ್ಟಿ ಮಾಡಿಕೊಂಡಿದ್ದ ಪ್ರಶ್ನೆಗಳನ್ನು ಕೇಳಲಿಲ್ಲ. ಒಬ್ಬರೇ ಹೋಗಿ ಹಾಕಿಸಿಕೊಳ್ಳಿ, ಬೆಂಗಳೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದೆ. ಅಪ್ಪ ಕತ್ತಿ ಕೆಳಗಿಟ್ಟು ನನ್ನನ್ನು ನೋಡಿದರು. ಮುಷ್ಕರದಲ್ಲಿ ಹಿಂದಿನ ಗೇಟಿನಿಂದ ಕೆಲಸಕ್ಕೆ ನುಗ್ಗಿದವರೂ ಹಾಗೇ ಅಂದುಕೊಂಡಿದ್ದರಂತೆ. ಆಮೇಲೆ ಇನ್ನೊಂದು ಮಾತು ಹೇಳಿದರು: ಅವರ ಎದೆಯ ಕಥೆ ಸಭೆಯಲ್ಲಿ ಎತ್ತಿದರೆ ಹಡಗಿಗೇ ಬರುವುದಿಲ್ಲ. ಹದಿನಾರು ಜನ ಕನಿಕರದಿಂದ ಕೈ ಎತ್ತುವುದು ಅವರಿಗೆ ಬೇಡ.

೨೦ ಜನವರಿ, ಭಾನುವಾರ

ಆದ ಠರಾವನ್ನು ಮತ್ತೆ ತೆಗೆಯಲು ಏನು ಮಾಡಬೇಕೆಂದು ಕೊಟ್ರಬಸಪ್ಪನವರನ್ನು ಕೇಳಿದೆ. ಅವರು ಸಂತೋಷದಿಂದ ಹಳೆಯ ನಿಯಮಗಳ ಹಾಳೆ ತೆಗೆದರು. ಗೆದ್ದ ಪಕ್ಷದವರಲ್ಲೇ ಆರು ಜನ ಸಹಿ ಹಾಕಿ ಕೇಳಬೇಕು. ಸೋತವರ ಸಹಿ ನಡೆಯುವುದಿಲ್ಲ, ಇಲ್ಲದಿದ್ದರೆ ದಿನಾ ಸಭೆಯಾಗುತ್ತದೆ. ಸಹಿ ಸಿಕ್ಕ ಮೇಲೆ ಏಳು ದಿನದ ನೋಟಿಸು.

ಒಳ್ಳೆಯ ನಿಯಮ. ಎರಡು ವಾರದ ಹಿಂದೆಯಾಗಿದ್ದರೆ ನಕಲು ಮಾಡಿಕೊಂಡು ಫೈಲಿಗೆ ಹಾಕುತ್ತಿದ್ದೆ.

೨೨ ಜನವರಿ

ಸೈಕಲ್ಲಿನಲ್ಲಿ ನಾಲ್ಕು ಮನೆ. ಒಂದು ಸಹಿ.

ಲಿಂಗಪ್ಪನವರು ನನ್ನ ಕರಪತ್ರವನ್ನು ದೇವರ ಪಟದ ಹಿಂದೆ ಸಿಕ್ಕಿಸಿದ್ದರು. ಅದನ್ನು ತೆಗೆದು ನನಗೇ ಓದಿ ಹೇಳಿದರು. ನನ್ನ ವಾಕ್ಯಗಳು ಉದ್ದ. ಮಧ್ಯದಲ್ಲಿ ಅವರಿಗೆ ಉಸಿರು ಸಾಲಲಿಲ್ಲ. "ಇದರಲ್ಲಿ ಯಾವ ಸಾಲು ಸುಳ್ಳು ಹೇಳು, ಅದಕ್ಕೆ ಸಹಿ ಹಾಕ್ತೀನಿ" ಎಂದರು. ಯಾವುದೂ ಸುಳ್ಳಲ್ಲ ಎಂದೆ. "ಹಂಗಾದ್ರೆ ಯಾಕೆ ಬಂದೆ ಮಾರಾಯ್ತಿ?" ಎಂದು ಕಾಫಿ ಕೊಟ್ಟು ಕಳಿಸಿದರು.

೨೪ ಜನವರಿ

ಐದು ಸಹಿ. ಕೆಲವರು ಏನೂ ಕೇಳದೆ ಹಾಕಿದರು, ಚೌಡಪ್ಪನ ಮಗಳು ಎಂದು. ಅಪ್ಪನೂ ಗೆದ್ದ ಪಕ್ಷದವರೇ. ಅವರ ಸಹಿ ಕೇಳಲಿಲ್ಲ.

೨೬ ಜನವರಿ

ಆರನೆಯ ಸಹಿ ಕೊಟ್ರಬಸಪ್ಪನವರದು. ಗೋವಿಂದಯ್ಯನವರ ಮನೆಯಿಂದ ಖಾಲಿ ಕೈಯಲ್ಲಿ ಬರುತ್ತಿದ್ದಾಗ ದಾರಿಯಲ್ಲಿ ಸಿಕ್ಕರು. ಹಾಳೆ ತೆಗೆದುಕೊಂಡು ಸೈಕಲ್ಲಿನ ಸೀಟಿನ ಮೇಲಿಟ್ಟೇ ಬರೆದರು. "ನಾನು ಚುಚ್ಚಿಸ್ಕೊಳಲ್ಲ. ಆದ್ರೆ ಸಭೆ ಕರೀರಿ ಅಂತ ಬಂದವರಿಗೆ ಇಲ್ಲ ಅಂದವನಲ್ಲ."

ನೋಟಿಸು ನಾಳೆ. ಸಭೆ ಫೆಬ್ರವರಿ ಮೂರಕ್ಕೆ.

೩ ಫೆಬ್ರವರಿ, ಭಾನುವಾರ

ಯಾವ ಕಾರಣಕ್ಕೆ ಠರಾವು ತಿದ್ದಬೇಕು ಎಂದು ಕೇಳಿದರು. ಇದ್ದ ಒಂದೇ ಕಾರಣವನ್ನು ಹೇಳುವ ಹಾಗಿರಲಿಲ್ಲ. ಅಪ್ಪ ಹಿಂದೆ ಮಲ್ಲಕಂಬದ ಪಕ್ಕ ಕುಳಿತಿದ್ದರು.

ಮೊಟ್ಟೆಯ ಮಾತು ನಾನು ನಂಬಿ ಹೇಳಿದ್ದಲ್ಲ, ಗೆಲ್ಲಲು ಹೇಳಿದ್ದು ಎಂದೆ. ನಾನು ಮೊಟ್ಟೆ ತಿನ್ನುತ್ತೇನೆ ಎಂದೂ ಹೇಳಿದೆ.

ಕೊಟ್ರಬಸಪ್ಪನವರು ಪುಸ್ತಕದ ಮೇಲೆ ಕೈ ಇಟ್ಟುಕೊಂಡು ಕೇಳಿದರು: "ಹಂಗಾದ್ರೆ ಅವತ್ತು ನಾವು ಕೈ ಎತ್ತಿದ್ದು ಯಾವುದಕ್ಕವ್ವ?"

ಗೊತ್ತಿಲ್ಲ ಎಂದೆ. ಸಭೆಯಲ್ಲಿ ಈ ಪದವನ್ನು ನಾನು ಹೇಳಿದ್ದು ಮೊದಲ ಸಲವಿರಬೇಕು.

ಲಿಂಗಪ್ಪನವರು ಬೇಕಾದವರು ಹಾಕಿಸಿಕೊಳ್ಳಲಿ, ಬೇಡದವರು ಬಿಡಲಿ ಎಂದರು. ಹಾಗೆ ಎರಡು ದಾರಿಯ ಠರಾವು ಇದುವರೆಗೆ ಆಗಿಲ್ಲವೆಂದು ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ ಆಯಿತು. ಹಾಕಿಸಿಕೊಳ್ಳುವವರು ಹನ್ನೊಂದು. ಅಪ್ಪನ ಹೆಸರು ಏಳನೆಯದು. ನನ್ನನ್ನು ಕೇಳಿದರು. ನನಗೆ ಇಪ್ಪತ್ತಮೂರು, ಮೊದಲ ನಾಲ್ಕು ಅಂಶಗಳು ಇನ್ನೂ ನನ್ನವೇ. ಬೇಡ ಎಂದೆ. ಗೋವಿಂದಯ್ಯನವರೂ ಬೇಡ ಎಂದರು.

ಹೊರಗೆ ಬಂದಾಗ ಯಾರೂ ಲೀಡರ್ ಎನ್ನಲಿಲ್ಲ. ಚಹಾ ಮಾತ್ರ ಕೊಡಿಸಿದರು.

೬ ಫೆಬ್ರವರಿ

ಪೆಟ್ಟಿಗೆ ಮಧ್ಯಾಹ್ನ ಬಂತು. ಕ್ಲಿನಿಕ್ಕಿನ ಬೆಂಚಿನ ಮೇಲೆ ಹನ್ನೊಂದು ಜನ ತೋಳು ಮಡಚಿಕೊಂಡು ಪಾಳಿಗೆ ಕಾದವರಂತೆ ಕುಳಿತಿದ್ದರು. ಅಪ್ಪನಿಗೆ ಹಾಕಿದ ಮೇಲೆ ಡಾಕ್ಟರ್ ನಮ್ಮಿಬ್ಬರನ್ನೂ ಒಳಗೆ ಕೂರಿಸಿದರು. ಅಪ್ಪನ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಚೌಡಪ್ಪನವರೇ, ಇದು ಹಿಡಿಯೋಕೆ ಎರಡು ವಾರ. ಹಡಗು ಇನ್ನು ಎಂಟು ದಿನಕ್ಕೆ. ಹೊರಗೆ ಕೂತಿರೋರು ಹೋಗಿ ಬರಲಿ. ನಿಮ್ಮನ್ನು ಕಳಿಸೋಕೆ ನನಗೆ ಧೈರ್ಯ ಇಲ್ಲ."

ಜನವರಿಯಲ್ಲೇ ಹಾಕಿದ್ದರೆ ಎಂದು ನಾನು ಕೇಳಿದೆ.

"ಹೋಗಿ ಬನ್ನಿ ಅಂತಿದ್ದೆ."

ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಕೇಳಿದ್ದಕ್ಕೆ ಹೇಳಿದರು. ಅಪ್ಪ ಅಂಗಿಯ ಗುಂಡಿ ಹಾಕಿಕೊಂಡರು. ಒಂದು ಗುಂಡಿ ತಪ್ಪಿತು, ಮತ್ತೆ ಮೊದಲಿನಿಂದ ಹಾಕಿಕೊಂಡರು.

೭ ಫೆಬ್ರವರಿ

ಪ್ರೆಸ್ಸಿಗೆ ಹೋಗಲಿಲ್ಲ.

೧೧ ಫೆಬ್ರವರಿ

ನಾನೂ ಹೋಗುವುದಿಲ್ಲ ಎಂದು ಮೂರು ದಿನದಿಂದ ಹೇಳುತ್ತಿದ್ದೇನೆ. ಅಪ್ಪ ಇವತ್ತು ತಮ್ಮ ಹೊಸ ಕೈಚೀಲದಿಂದ ಬಟ್ಟೆ ತೆಗೆದು ಅದಕ್ಕೆ ನನ್ನವನ್ನು ತುಂಬಿದರು. "ಹದಿನಾರು ಜನಕ್ಕೆ ನೀನೇ ಬಾಯಿ. ಬಾಯಿ ಇಲ್ಲದೆ ಹೋಗಿ ಅಂದ್ರೆ ಹೆಂಗೆ ಹೋಗ್ತಾರೆ?"

ಅಮ್ಮ ಗೋಡೆಗೆ ಒರಗಿ ನೋಡುತ್ತಿದ್ದಳು. ಎಕ್ಸ್‌ರೇಯಲ್ಲಿ ಏನಿದೆ ಎಂದು ಅವಳಿಗೆ ನಿನ್ನೆ ಪೂರ್ತಿ ಓದಿ ಹೇಳಿದೆ. ಗೊತ್ತಿತ್ತು ಎಂದಳು. ರಾತ್ರಿ ಪಕ್ಕದಲ್ಲಿ ಮಲಗುವವಳಿಗೆ ಚೀಟಿ ಯಾಕೆ ಎಂದಳು.

೧೫ ಫೆಬ್ರವರಿ, ಹಡಗು

ಬೆಳಿಗ್ಗೆ ಆರಕ್ಕೆ ಮೇಲಿನ ಡೆಕ್ಕಿಗೆ ಹೋದೆ. ನೀರು ನೀಲಿಯಲ್ಲ, ಕಪ್ಪು. ಎಷ್ಟು ನೋಡಿದರೂ ಬರೆಯಲು ಪದ ಸಿಗುವುದಿಲ್ಲ. ನಾನು ಓದಿದ ಯಾವುದರಲ್ಲೂ ಇದರ ವಿಷಯವಿರಲಿಲ್ಲ.

ಕೋಣೆಯಲ್ಲಿ ನಾಲ್ಕು ಹಾಸಿಗೆ. ನನ್ನ ಮೇಲಿನದು ಅಪ್ಪನ ಹೆಸರಿನದು, ಖಾಲಿ. ಎದುರಿನದು ಗೋವಿಂದಯ್ಯನವರದು. ಊಟದ ಮನೆಯಲ್ಲಿ ಯಾರು ಯಾರೋ ಕೆಮ್ಮುತ್ತಿದ್ದರು. ಎಣಿಸಿದೆ. ಏಳು ಜನ.

೧೭ ಫೆಬ್ರವರಿ

ನಿನ್ನೆಯಿಂದ ಗೋವಿಂದಯ್ಯನವರಿಗೆ ಜ್ವರ, ನೂರಾ ಮೂರು. ಹಡಗಿನ ಡಾಕ್ಟರ್ ಫ್ಲೂ ಇರಬೇಕು ಎಂದರು. ಬೇರೆ ತಂಡದವರಲ್ಲೂ ಹಲವರು ಮಲಗಿದ್ದಾರೆ. ನಮ್ಮಲ್ಲಿ ಸೂಜಿ ಹಾಕಿಸಿಕೊಂಡವರಲ್ಲೂ ಇಬ್ಬರಿಗೆ ನೆಗಡಿ, ಆದರೆ ಎದ್ದು ಓಡಾಡುತ್ತಿದ್ದಾರೆ. ಉಳಿದವರು ದ್ವೀಪ ನೋಡಲು ದೋಣಿಯಲ್ಲಿ ಹೋದರು. ನಾನು ಒದ್ದೆ ಬಟ್ಟೆ ಬದಲಿಸುತ್ತಾ ಕುಳಿತೆ.

ಗೋವಿಂದಯ್ಯನವರು ಕಣ್ಣು ಮುಚ್ಚಿಕೊಂಡೇ, "ನಿನ್ನ ಮಾತಿಂದ ಸೂಜಿ ತಪ್ಪಿಸ್ಕೊಂಡೆ ಕಣವ್ವ. ಭಾರಿ ಖುಷಿಯಾಗಿತ್ತು ನಂಗೆ" ಎಂದರು. ವ್ಯಂಗ್ಯವಿರಲಿಲ್ಲ. ಉಸಿರಾಡುವಾಗ ಅವರ ಕತ್ತಿನ ಬುಡ ಒಳಕ್ಕೆ ಹೋಗುತ್ತಿತ್ತು. ಇವರ ಎದೆ ಗಟ್ಟಿ ಎಂದು ಡಾಕ್ಟರ್ ಮೀರಾ ಹಿಂದೊಮ್ಮೆ ಹೇಳಿದ್ದರು. ಅದನ್ನು ನೆನಪಿಸಿಕೊಂಡು ಆ ಕತ್ತಿನ ಬುಡವನ್ನೇ ಮಧ್ಯಾಹ್ನವೆಲ್ಲ ನೋಡಿದೆ. ಅಪ್ಪನ ಹಾಸಿಗೆ ಖಾಲಿ ಇದ್ದದ್ದು ಒಳ್ಳೆಯದಾಯಿತು.

೨೦ ಫೆಬ್ರವರಿ, ಶಿವಮೊಗ್ಗ

ಗೋವಿಂದಯ್ಯನವರನ್ನು ಕೊಚ್ಚಿಯಲ್ಲೇ ಆಸ್ಪತ್ರೆಗೆ ಸೇರಿಸಿದೆವು. ಕೊಟ್ರಬಸಪ್ಪನವರು ಜೊತೆಗೆ ಉಳಿದಿದ್ದಾರೆ. ಜ್ವರ ಇಳಿಯುತ್ತಿದೆಯಂತೆ.

ನನಗೆ ರೈಲಿನಲ್ಲೇ ಮೈ ಸುಡಲು ಶುರುವಾಗಿತ್ತು. ಮಂಗಳೂರಿನಿಂದ ಬಸ್ಸು ಬೆಳಿಗ್ಗೆ ಶಿವಮೊಗ್ಗ ಮುಟ್ಟಿದಾಗ ಉಳಿದವರು ಭದ್ರಾವತಿಯ ಬಸ್ಸಿಗೆ ಹೋದರು. ನಾನು ಪ್ರೆಸ್ಸಿನ ಮೇಲಿನ ಕಾಗದದ ಕೋಣೆಗೆ ಬಂದೆ. ಮಾಲೀಕ ಶಿವಕುಮಾರ್ ಬೀಗದ ಕೈಯನ್ನು ಕಿಟಕಿಯಿಂದಲೇ ಎಸೆದರು. ಅಮ್ಮನಿಗೆ ಫೋನ್ ಮಾಡಿ ಪ್ರೆಸ್ಸಿನಲ್ಲಿ ಕೆಲಸವಿದೆ ಎಂದೆ. ಆಮೇಲೆ ಮತ್ತೆ ಮಾಡಿ ನಿಜ ಹೇಳಿದೆ.

೨೩ ಫೆಬ್ರವರಿ

ಜ್ವರ ಬಿಟ್ಟಿದೆ. ಕೆಮ್ಮು ಇದೆ. ಗೋವಿಂದಯ್ಯನವರು ಮನೆಗೆ ಬಂದರಂತೆ.

ಡಾಕ್ಟರ್ ಮೀರಾಗೆ ಫೋನ್ ಮಾಡಿದೆ. ಅಪ್ಪನಿಗೆ ಹಾಕಿ ಎರಡು ವಾರ ಮೀರಿತು, ಈಗ ಲಸಿಕೆ ಹಿಡಿದಿರುತ್ತದೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಮನೆಗೆ ಹೋಗಬಹುದು ಎಂದರು. ನೂರಕ್ಕೆ ನೂರು ಹಿಡಿದಿರುತ್ತದೆಯೇ ಎಂದು ಕೇಳಿದೆ. ಹಾಗೆ ಯಾವುದಕ್ಕೂ ಹೇಳಲಾಗುವುದಿಲ್ಲ ಎಂದರು. ಇನ್ನು ನಾಲ್ಕು ದಿನ ಇಲ್ಲೇ ಇರುತ್ತೇನೆ.

೨೪ ಫೆಬ್ರವರಿ, ಭಾನುವಾರ

ಹನ್ನೊಂದಕ್ಕೆ ಕೆಳಗಿನಿಂದ ಯಾರೋ ನನ್ನ ಹೆಸರು ಕೂಗಿದರು. ಬಾಲ್ಕನಿಗೆ ಬಂದರೆ ಅಪ್ಪ. ಊಟದ ಕ್ಯಾರಿಯರ್ ಹಿಡಿದು ಪ್ರೆಸ್ಸಿನ ಮೆಟ್ಟಿಲಿಗೆ ಕಾಲಿಟ್ಟಿದ್ದರು. ಹತ್ತಬೇಡಿ ಎಂದು ಕಿರುಚಿದೆ. ಕ್ಯಾರಿಯರ್ ಅಲ್ಲೇ ಇಟ್ಟು ರಸ್ತೆಯ ಆಚೆಗೆ ಹೋಗಿ ಎಂದೆ. ಹೋದರು. ಇನ್ನೂ ಆಚೆಗೆ ಎಂದೆ. ಸೈಕಲ್ ಅಂಗಡಿಯ ಮುಚ್ಚಿದ ಬಾಗಿಲಿಗೆ ಬೆನ್ನು ತಾಗುವವರೆಗೆ ಹೋದರು.

ಹಾಗೇ ರಸ್ತೆಯ ಎರಡು ಕಡೆಯಿಂದ ಮಾತಾಡಿದೆವು. ಮಧ್ಯೆ ಆಟೋ, ಲಾರಿ. ಕಬ್ಬಿನ ಹಾಲಿನ ಗಾಡಿಯವನು ಗಾಣ ನಿಲ್ಲಿಸಿ ಕೇಳುತ್ತಿದ್ದ. ಊಟಕ್ಕೆ ಏನು ತಿಂದೆ, ಬಿಸಿನೀರು ಇದೆಯಾ, ಗೋವಿಂದ ಸಾರು ಅನ್ನ ತಿನ್ನುತ್ತಿದ್ದಾನೆ, ಇಂಥವು. ಒಂದು ಬಸ್ಸು ಬಂದು ನಿಂತು ಹೋಯಿತು. ಅದು ಹೋದ ಮೇಲೆ ಅಪ್ಪ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು.

"ದಡ ಕಾಣ್ತಿತ್ತಾ?"

"ಒಂದಿಡೀ ದಿನ ಕಾಣ್ಲಿಲ್ಲ."

"ಯಾವ ಕಡೆಗೂ?"

"ಯಾವ ಕಡೆಗೂ. ಸುತ್ತ ನೀರೇ."

ಅಪ್ಪ ನಿಂತಲ್ಲೇ, ಸೈಕಲ್ ಅಂಗಡಿ, ಕಬ್ಬಿನ ಗಾಡಿ, ರಸ್ತೆ, ನಾನು, ಎಲ್ಲವನ್ನೂ ದಾಟಿ ನಿಧಾನವಾಗಿ ಒಂದು ಸುತ್ತು ತಿರುಗಿ ನೋಡಿದರು.

ನನಗೆ ಕೆಮ್ಮು ಬಂತು. ಒಳಗೆ ಬಂದು ಬಾಗಿಲು ಹಾಕಿಕೊಂಡು ಕೆಮ್ಮಿದೆ.